ಪದ್ಮಿನಿ ಕಾರು: ಕೂಲೆಂಟ್ ಬೆಳಿಗ್ಗೆ ಮಾತ್ರ ಸೋರುತ್ತಿದೆ, ವಾಟರ್ ಪಂಪ್ ಹೋಗಿದೆಯಾ?

ದಾವಣಗೆರೆಯಿಂದ ಪ್ರಶ್ನೆ:
ನಮಸ್ಕಾರ. ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಇದೆ, 1089 ಸಿಸಿ ಪೆಟ್ರೋಲ್. ದಿನಾ ಬೆಳಿಗ್ಗೆ ಮುಂಭಾಗದ ಕೆಳಗೆ ಅಂಗೈಯಗಲ ಒದ್ದೆ. ಓಡಿಸಿ ಬಂದು ನಿಲ್ಲಿಸಿದರೆ ಒಂದು ಹನಿಯೂ ಇಲ್ಲ. ಎಂಜಿನ್ ತಂಪಾಗಿಡುವ ಕೂಲೆಂಟ್ ಇಳಿಯುತ್ತಿರುವುದರಿಂದ ವಾರಕ್ಕೆ ಅರ್ಧ ಲೀಟರ್ ನೀರು ಹಾಕುತ್ತಿದ್ದೇನೆ. ಟೆಂಪರೇಚರ್ ಮುಳ್ಳು ಸರಿಯಾಗೇ ಇದೆ. ಒಬ್ಬ ಮೆಕ್ಯಾನಿಕ್ ವಾಟರ್ ಪಂಪ್ ಬದಲಿಸಿ ಎಂದರು. ಇನ್ನೊಬ್ಬರು ರೇಡಿಯೇಟರ್‌ಗೆ ಎರಡು ಚಮಚ ಅರಿಶಿನ ಹಾಕಿ ಸಾಕು ಎಂದರು. ಯಾರ ಮಾತು ಕೇಳಲಿ?

ಚಿತ್ರದುರ್ಗದಿಂದ ಉತ್ತರ:
ಅರಿಶಿನ ಅಡುಗೆಮನೆಯಲ್ಲೇ ಇರಲಿ ಸರ್. ಅದು ನಡುದಾರಿಯಲ್ಲಿ ಗಾಡಿ ಕೈಕೊಟ್ಟಾಗ ಮನೆ ಸೇರಲು ಮಾಡುವ ಉಪಾಯ. ಸೋರುವ ತೂತು ಯಾವುದು, ರೇಡಿಯೇಟರ್‌ನ ಸಣ್ಣ ಕೊಳವೆ ಯಾವುದು ಅಂತ ಪುಡಿಗೇನು ಗೊತ್ತು? ಎರಡನ್ನೂ ಕಟ್ಟಿಬಿಡುತ್ತದೆ.

ತಣ್ಣಗಿದ್ದಾಗ ಸೋರಿ ಬಿಸಿಯಾದಾಗ ನಿಲ್ಲುತ್ತದೆ ಅಂದರೆ ನನಗೆ ಮೊದಲ ಅನುಮಾನ ಹೋಸ್ (ಕೂಲೆಂಟ್ ಹರಿಯುವ ರಬ್ಬರ್ ಪೈಪ್) ಕೂರುವ ಜಾಗದ ಮೇಲೆ. ಬಿಸಿಗೆ ಹಿಗ್ಗಿ ಬಿಗಿಯಾಗುತ್ತದೆ, ರಾತ್ರಿ ಕುಗ್ಗಿ ಸಂದು ಬಿಡುತ್ತದೆ. ಆದರೆ ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ಆವಿಯಾಗಿ ಕಾಣದೆಯೂ ಹೋಗಬಹುದು. ಅದಕ್ಕೇ ಪಂಪನ್ನೂ ನೋಡಿಬಿಡಿ. ಪಂಪಿನ ಶಾಫ್ಟ್ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಹನಿ ಇಳಿದ ಕಲೆ ಇದ್ದರೆ ಒಳಗಿನ ಸೀಲ್ ಹೋಗಿದೆ ಎಂದರ್ಥ. ಬೆಲ್ಟ್ ಸಡಿಲಿಸಿ ಪುಲ್ಲಿ ಅಲ್ಲಾಡಿಸಿ. ಲಟಪಟ ಅಂದರೆ ಬೇರಿಂಗ್ ಕೂಡ ಮುಗಿದಿದೆ. ಆಯಿಲ್ ಗೇಜ್ ಕಡ್ಡಿಯನ್ನೂ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಚಹಾದಂತಿದ್ದರೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ, ಎಂಜಿನ್‌ನ ಮೇಲ್ಭಾಗವಾದ ಹೆಡ್ ಕೆಳಗಿನ ಗ್ಯಾಸ್ಕೆಟ್ ಹೋಗಿ ಆಯಿಲ್‌ಗೆ ನೀರು ಸೇರುವ ವಿಚಾರ ಅದು.

ಇವತ್ತು ರಾತ್ರಿ ಎಲ್ಲಾ ಒರೆಸಿ, ಕೆಳಗೆ ಹಳೇ ಪೇಪರ್ ಹಾಸಿ ಮಲಗಿ.

ದಾವಣಗೆರೆಯಿಂದ:
ಆಯಿಲ್ ಚೆನ್ನಾಗಿದೆ, ಪಂಪಿನ ತೂತು ಒಣಗಿದೆ. ಪೇಪರ್ ಒದ್ದೆಯಾಗಿದ್ದು ಬಾಟಮ್ ಹೋಸ್ ಕೆಳಗೆ, ರೇಡಿಯೇಟರ್ ಕಡೆ. ಕ್ಲಿಪ್ ಬಿಗಿ ಮಾಡಿದೆ, ಆದರೂ ಸೋರುತ್ತಿದೆ.

ಚಿತ್ರದುರ್ಗದಿಂದ:
ಇನ್ನು ಬಿಗಿಸಬೇಡಿ, ರಬ್ಬರ್ ಕತ್ತರಿಸುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಸ್ ಬಿಚ್ಚಿ. ಬಿಸಿಯಲ್ಲಿ ಕ್ಯಾಪ್ ಮುಟ್ಟಿದರೆ ಮುಖಕ್ಕೇ ಚಿಮ್ಮುತ್ತದೆ. ಕೆಳಗೆ ಬೋಗುಣಿ ಇಡಿ. ಕೂಲೆಂಟ್ ಸಿಹಿಯಾಗಿರುತ್ತದೆ, ಬೀದಿ ನಾಯಿ ನೆಕ್ಕಿದರೆ ಸಾಯುತ್ತದೆ. ಹೋಸ್ ಕೂರುವ ಪೈಪಿನ ಮೇಲೆ ಬಿಳಿ ಉಪ್ಪು ಕಟ್ಟಿದೆಯಾ ನೋಡಿ. ಇಷ್ಟು ದಿನ ಬೋರ್ ನೀರು ಹಾಕುತ್ತಿದ್ದಿರಿ, ಅಲ್ವಾ?

ದಾವಣಗೆರೆಯಿಂದ:
ಸಿಕ್ಕಿಬಿದ್ದೆ. ಬೋರ್ ನೀರೇ. ಪೈಪಿನ ಸುತ್ತ ಸುಣ್ಣ ಬಳಿದ ಹಾಗಿತ್ತು. ಎಮರಿ ಪೇಪರ್‌ನಲ್ಲಿ ಉಜ್ಜಿ, ಹೊಸ ಹೋಸ್, ಹೊಸ ಕ್ಲಿಪ್ ಹಾಕಿದೆ. ಮತ್ತೆ ಏನು ತುಂಬಿಸಲಿ?

ಚಿತ್ರದುರ್ಗದಿಂದ:
ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಪದ್ಮಿನಿಯ ಹೆಡ್ ಅಲ್ಯೂಮಿನಿಯಂ, ಬೋರ್ ನೀರು ಅದನ್ನೂ ತಿನ್ನುತ್ತದೆ. ತಣ್ಣಗಿದ್ದಾಗಲೇ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿ. ಗುಳ್ಳೆ ಬಂದು ಮಟ್ಟ ಇಳಿದ ಹಾಗೆ ತುಂಬಿಸುತ್ತಾ ಹೋಗಿ.

ದಾವಣಗೆರೆಯಿಂದ:
ಭಾನುವಾರ ದುರ್ಗಕ್ಕೆ ಹೋಗಿ ಬಂದೆ. ಇವತ್ತಿಗೆ ಮೂರು ಬೆಳಿಗ್ಗೆ, ಪೇಪರ್ ಒಣಗೇ ಇದೆ. ಪಂಪಿನ ದುಡ್ಡು ಉಳಿಯಿತು. ಅಂದ ಹಾಗೆ, ಪದ್ಮಿನಿಯ ಬಾಗಿಲಿನ ರಬ್ಬರ್ ನಿಮ್ಮ ಕಡೆ ಎಲ್ಲಾದರೂ ಸಿಗುತ್ತಾ?