ಹಳೇ ಬಿಲ್ಡಿಂಗ್ ಒಳಗೆ ತೋರಿಸೋ ವಾಕ್/ಟೂರ್ ಯಾವ್ದು ಚೆನ್ನಾಗಿದೆ? ಅಪ್ಪ ಗಾರೆ ಮೇಸ್ತ್ರಿ, ಅವರಿಗೆ ತೋರಿಸ್ಬೇಕು

ಗಾರೆಮನೆ_ಮಗಳು:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಓದಿ ಪ್ಲೀಸ್.

ನಮ್ಮಪ್ಪ ನಲವತ್ತು ವರ್ಷ ಗಾರೆ ಕೆಲಸ ಮಾಡಿದೋರು. ಊರು ನಂಜನಗೂಡು ಹತ್ರ, ಕೆಲಸ ಪೂರ್ತಿ ಮೈಸೂರಲ್ಲೇ. ಈಗ 68, ಕರಣೆ ಕೆಳಗಿಟ್ಟು ಮೂರು ವರ್ಷ ಆಯ್ತು, ಬೆಂಗಳೂರಲ್ಲಿ ನಮ್ಮ ಜೊತೆ ಇದಾರೆ. ಹೋದ ತಿಂಗಳು ಅಂಬೇಡ್ಕರ್ ವೀಧಿ ಮೇಲೆ ಬಸ್ಸಲ್ಲಿ ಹೋಗ್ತಿದ್ವಿ, ಒಂದು ಕಡೆ ವಿಧಾನಸೌಧ ಇನ್ನೊಂದು ಕಡೆ ಹೈಕೋರ್ಟು, ಅಪ್ಪ ಆ ಕಡೆ ಈ ಕಡೆ ಕತ್ತು ತಿರುಗಿಸ್ತಾ ನೋಡ್ತಾನೇ ಇದ್ರು, ಸ್ಟಾಪ್ ಹತ್ರ ಬಂದಾಗ ಮೆಲ್ಲಗೆ "ಇದರೊಳಕ್ಕೆ ನಮ್ಮಂಥೋರನ್ನ ಬುಡ್ತಾರಾ ಅವ್ವ" ಅಂದ್ರು. ಅವತ್ತಿಂದ ಆ ಮಾತು ನನ್ನ ತಲೇಲೇ ಕೂತಿದೆ. ಜೀವಮಾನ ಎಲ್ಲಾ ಬೇರೆಯೋರಿಗೆ ಮನೆ ಕಟ್ಕೊಟ್ಟ ಮನುಷ್ಯ, ಮೈಸೂರು ಅರಮನೆ ಒಂದು ಬಿಟ್ರೆ ಯಾವ ದೊಡ್ಡ ಕಟ್ಟಡದೊಳಗೂ ನೋಡೋಕೆ ಅಂತ ಹೋಗಿಲ್ಲ.

ಹೆರಿಟೇಜ್ ವಾಕ್ ಅಂತೆಲ್ಲಾ ಮಾಡ್ತಾರಲ್ವಾ, ಅದರಲ್ಲಿ ಯಾವ್ದಕ್ಕೆ ಕರ್ಕೊಂಡು ಹೋಗ್ಲಿ? ಬರೀ ರಾಜರ ಕಥೆ, ಇಸವಿ ಹೇಳಿದ್ರೆ ಅಪ್ಪಂಗೆ ಸಾಲಲ್ಲ. ಈ ಕಮಾನು ಹೆಂಗೆ ನಿಂತಿದೆ, ಕಲ್ಲು ಎಲ್ಲಿಂದ ತಂದ್ರು, ಗಾರೆಗೆ ಏನೇನು ಹಾಕಿದ್ರು, ಅವರಿಗೆ ಬೇಕಿರೋದು ಅದು. ಎಡಗಾಲು ಮಂಡಿ ನೋವಿದೆ, ಜಾಸ್ತಿ ಮೆಟ್ಟಿಲು ಕಷ್ಟ. ಜೊತೆಗೆ ಹತ್ತು ವರ್ಷದ ಮಗ ಇರ್ತಾನೆ. ಹೋಗಿರೋರು ಹೇಳಿ.

ಕಬ್ಬನ್‌ಪಾರ್ಕ್_ವಾಕರ್:

ಮೇಡಂ, ನಿಮ್ಮ ತಂದೆಯವರಿಗೆ ಹೇಳಿ, ಈಗ ಬಿಡ್ತಾರೆ. 2025ರ ಜೂನ್‌ನಿಂದ ವಿಧಾನಸೌಧದಲ್ಲಿ ಗೈಡೆಡ್ ಟೂರ್ ಶುರುವಾಗಿದೆ, ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದೋರು ನಡೆಸ್ತಾರೆ, ಭಾನುವಾರ ಮತ್ತೆ ಎರಡನೇ ನಾಲ್ಕನೇ ಶನಿವಾರ. ಆನ್‌ಲೈನಲ್ಲೇ ಬುಕ್ ಮಾಡ್ಬೇಕು, ಶುರುವಾದಾಗ ದೊಡ್ಡೋರಿಗೆ 50 ರೂಪಾಯಿ ಇತ್ತು, ಮಕ್ಕಳಿಗೆ ಫ್ರೀ. ಒಂದು ಬ್ಯಾಚಿಗೆ ಮೂವತ್ತು ಜನ, ಸುಮಾರು ಒಂದೂವರೆ ಗಂಟೆ, ಒಂದೂವರೆ ಕಿಲೋಮೀಟರ್ ನಡಿಗೆ. ಹೋಗೋ ಮುಂಚೆ ಸೈಟಲ್ಲಿ ಸಮಯ ನೋಡ್ಕೊಳಿ, ಎಲ್ಲರ ಐಡಿ ಕಾರ್ಡ್ ಇಟ್ಕೊಳಿ. ಮಂಡಿ ವಿಷಯ ಗೈಡ್‌ಗೆ ಶುರುವಲ್ಲೇ ಹೇಳ್ಬಿಡಿ, ಗುಂಪು ಸ್ವಲ್ಪ ನಿಧಾನ ಆಗುತ್ತೆ ಅಷ್ಟೆ.

ಕಲ್ಲಿನ ಬಗ್ಗೆ ಕೇಳಿದ್ರಲ್ಲ. ಗ್ರಾನೈಟ್ ಬಹಳಷ್ಟು ಬಂದಿದ್ದು ಬೆಂಗಳೂರು ಸುತ್ತಮುತ್ತಲಿನ ಮಲ್ಲಸಂದ್ರ, ಹೆಸರಘಟ್ಟ ಕಡೆ ಕ್ವಾರಿಗಳಿಂದ, ಅಲಂಕಾರಕ್ಕೆ ಮಾಗಡಿ ಪಿಂಕು, ತುರುವೇಕೆರೆ ಕಪ್ಪು. ನೆಹರೂ ಅಡಿಗಲ್ಲು ಹಾಕಿದ್ದು 1951ರ ಜುಲೈ 13, ಮುಗಿದಿದ್ದು 1956. ಕೆಂಗಲ್ ಹನುಮಂತಯ್ಯನೋರು ನಕ್ಷೆ ಬದಲಾಯಿಸಿ ಇಷ್ಟು ದೊಡ್ಡದು ಮಾಡಿದ್ರು, ಚೀಫ್ ಇಂಜಿನಿಯರ್ ಬಿ.ಆರ್. ಮಾಣಿಕ್ಯಂ. ಈ ಹೆಸರುಗಳು ಎಲ್ಲರಿಗೂ ಗೊತ್ತು, ಆದ್ರೆ ಕೂಲಿಯೋರು ಸುಮಾರು 5,000 ಜನ, ಕಲ್ಲು ಕೆತ್ತೋರೇ 1,500 ಜನ ಇದ್ರು ಅನ್ನೋದನ್ನ ಯಾರೂ ಜೋರಾಗಿ ಹೇಳಲ್ಲ. ಪೂರ್ವದ ಕಡೆ ಪೋರ್ಟಿಕೋದಲ್ಲಿ 40 ಅಡಿ ಎತ್ತರದ 12 ಕಂಬ ಇದಾವೆ, ಅದನ್ನ ಹತ್ರದಿಂದ ನೋಡಿದಾಗ ನಂಗೆ ಮೊದ್ಲು ನೆನಪಾಗಿದ್ದು ಆ 1,500 ಜನ.

ಆಮೇಲೆ ಟೂರ್ ಮುಗಿಸ್ಕೊಂಡು ರಸ್ತೆ ಆ ಕಡೆ ಅಠಾರಾ ಕಚೇರಿ, ಅದೇ ಈಗಿನ ಹೈಕೋರ್ಟು, ಕಬ್ಬನ್ ಪಾರ್ಕ್ ಒಳಗಿಂದ ನಿಧಾನಕ್ಕೆ ತೋರಿಸಿ. 1868ರಲ್ಲಿ ಮುಗಿದಿದ್ದು, ಸರ್ಕಾರದ ಹದಿನೆಂಟು ಇಲಾಖೆ ಒಂದೇ ಕಡೆ ಇದ್ದಿದ್ದಕ್ಕೆ ಆ ಹೆಸರು. ಇದನ್ನ 80ರ ದಶಕದಲ್ಲಿ ಕೆಡವೋಕೆ ಹೊರಟಿದ್ರು, ಜನ ಕೋರ್ಟಿಗೆ ಹೋಗಿ ಗಲಾಟೆ ಮಾಡಿದ್ದಕ್ಕೆ ಇವತ್ತು ನಿಂತಿದೆ. ನಿಮ್ಮ ಮಗನಿಗೆ ಇದನ್ನ ಖಂಡಿತ ಹೇಳಿ.

ಇನ್ನೊಂದು, ಪರಂಪರೆ ಉಳಿಸೋಕೆ ಕೆಲಸ ಮಾಡೋ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಚಾಪ್ಟರ್‌ನೋರು "ಪರಿಚಯ್" ಅಂತ ಹೆರಿಟೇಜ್ ವಾಕ್ ಮಾಡ್ತಾರೆ, ಬಸವನಗುಡಿ, ಮಲ್ಲೇಶ್ವರ, ಪೇಟೆ ಅಂತ ಒಂದೊಂದು ಸಲ ಒಂದೊಂದು ಏರಿಯಾ. ನಾನು ಹೋದ ವಾಕಲ್ಲಿ ಆರ್ಕಿಟೆಕ್ಟ್ ಒಬ್ರು ಇದ್ರು, ಮರದ ತೊಲೆ ಮೇಲೆ ಇಟ್ಟಿಗೆ ಗಾರೆ ಹಾಕಿ ಮಾಡೋ ಮದ್ರಾಸ್ ತಾರಸಿ ಅಂದ್ರೇನು, ಕಿಟಕಿ ಮೇಲಿನ ಚೂಪು ಮರದ ಮಾಡು, ಅಂದ್ರೆ ಮಂಕಿ ಟಾಪ್, ಯಾಕೆ, 1898ರ ಪ್ಲೇಗ್ ಆದ್ಮೇಲೆ ಗಾಳಿ ಬೆಳಕು ಬರೋ ಹಾಗೆ ಬಡಾವಣೆ ಹೆಂಗೆ ಮಾಡಿದ್ರು ಅಂತ ಒಂದು ಮನೆ ಮುಂದೆ ಇಪ್ಪತ್ತು ನಿಮಿಷ ನಿಲ್ಲಿಸಿ ಹೇಳಿದ್ರು. ಮಾತು ಜಾಸ್ತಿ ಇಂಗ್ಲಿಷಲ್ಲೇ ಇರುತ್ತೆ, ನೀವು ಪಕ್ಕದಲ್ಲಿ ನಿಂತು ಹೇಳ್ಬೇಕಾಗುತ್ತೆ.

ಒಂಟಿಕೊಪ್ಪಲ್‌ನವ:

ಅಕ್ಕಾ, ಅಪ್ಪಾಜಿ ಮೈಸೂರಲ್ಲಿ ಕೆಲಸ ಮಾಡಿದೋರು ಅಂದ್ರೆ ಮೈಸೂರನ್ನೇ ಇನ್ನೊಂದ್ಸಲ ತೋರಿಸಿ. ದಸರಾ ಟೈಮಲ್ಲಿ ಪುರಾತತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಯೋರು ಪಾರಂಪರಿಕ ನಡಿಗೆ ಮಾಡ್ತಾರೆ, ಬೆಳಿಗ್ಗೆ ಬೆಳಿಗ್ಗೆ ರಂಗಾಚಾರ್ಲು ಪುರಭವನದ ಮುಂದೆ ಸೇರೋದು, ಪಂಚೆ ಪೇಟ ಕಟ್ಕೊಂಡು ಬರೋರೂ ಇರ್ತಾರೆ. ದಾರಿ ವರ್ಷ ವರ್ಷ ಸ್ವಲ್ಪ ಬದಲಾಗುತ್ತೆ. ಇದು ಪೂರ್ತಿ ಕನ್ನಡದಲ್ಲಿ ಹೇಳ್ತಾರೆ, ನೆಲ ಸಮ, ಮೆಟ್ಟಿಲು ಇಲ್ವೇ ಇಲ್ಲ ಅನ್ನಬಹುದು. ನಡೆಯೋಕಾಗದೇ ಇರೋರಿಗೆ ಟಾಂಗಾ ಸವಾರಿ ಇದೆ, ಆದ್ರೆ ಅದು ದಂಪತಿಗಳಿಗೆ ಅಂತ ಮಾಡೋದು.

ನಾನು ಹೋದಾಗ ಏನಾಯ್ತು ಅಂದ್ರೆ, ಹುಟ್ಟಿದಾಗಿಂದ ದೊಡ್ಡ ಗಡಿಯಾರದ ಕೆಳಗೆ ಓಡಾಡಿದೀನಿ, ಅದರ ಮೇಲೆ ಅಂಕಿ ಕನ್ನಡದಲ್ಲಿದೆ ಅಂತ ಅವತ್ತು ಯಾರೋ ಬೆರಳು ತೋರಿಸಿದ್ಮೇಲೇ ಕಂಡಿದ್ದು. 1927, ನಾಲ್ವಡಿಯವರ ಆಳ್ವಿಕೆಗೆ ಇಪ್ಪತ್ತೈದು ವರ್ಷ ಆಯ್ತು ಅಂತ ಅರಮನೆ ನೌಕರರು ದುಡ್ಡು ಹಾಕಿ ಕಟ್ಟಿಸಿದ್ದು. ಚಿಕ್ಕ ಗಡಿಯಾರ ಅದಕ್ಕಿಂತ ಹಳೇದು, 1886.

ನಿಮ್ಮ ತಂದೆಯವರಿಗೆ ಜಾಸ್ತಿ ಹಿಡಿಸೋದು ದೇವರಾಜ ಮಾರ್ಕೆಟ್ ಮತ್ತೆ ಲ್ಯಾನ್ಸ್‌ಡೌನ್ ಬಿಲ್ಡಿಂಗು, ನೋಡಿದ್ರೆ ಹೊಟ್ಟೆ ಉರಿಯೋದೂ ಅಲ್ಲೇ. ಲ್ಯಾನ್ಸ್‌ಡೌನ್ ಬಿಲ್ಡಿಂಗ್ ಒಂದು ಭಾಗ 2012ರ ಆಗಸ್ಟಲ್ಲಿ ಕುಸಿದು ನಾಲ್ಕು ಜನ ಸತ್ರು. ನನ್ನ ಪಿಯುಸಿ ಪುಸ್ತಕ ಎಲ್ಲಾ ಅಲ್ಲಿನ ಸೆಕೆಂಡ್ ಹ್ಯಾಂಡ್ ಅಂಗಡೀಲಿ ತಗೊಂಡಿದ್ದು, ಅವತ್ತು ಆ ಜಾಗ ನೋಡೋಕೆ ಹೋಗಿ ಅರ್ಧ ದಾರೀಲಿ ವಾಪಸ್ ಬಂದೆ. ನಾಲ್ಕು ವರ್ಷಕ್ಕೆ, 2016ರ ಆಗಸ್ಟಲ್ಲೇ, ಮಾರ್ಕೆಟ್ ಉತ್ತರದ ಕಡೆ ಬಿತ್ತು. ಅವತ್ತಿಂದ ಕೆಡವಿ ಹೊಸದಾಗಿ ಕಟ್ಟೋಣ ಅನ್ನೋರು ಒಂದು ಕಡೆ, ರಿಪೇರಿ ಮಾಡಿ ಉಳಿಸ್ಕೊಳೋಣ ಅನ್ನೋರು ಇನ್ನೊಂದು ಕಡೆ. ನಾನು ಉಳಿಸ್ಕೊಳೋರ ಕಡೆ. ಗಾರೆ ಗೋಡೆಗೆ ಸಿಮೆಂಟ್ ಪ್ಯಾಚ್ ಹಾಕಿದ್ರೆ ಒಳಗಿನ ತೇವ ಹೊರಗೆ ಬರೋಕೆ ದಾರಿ ಇರಲ್ಲ, ಇಟ್ಟಿಗೆ ಒಳಗೇ ಕರಗುತ್ತೆ, ಮಳೆ ನೀರು ತಾರಸಿ ಮೇಲೆ ನಿಂತ್ರೆ ಮುಗೀತು. ಇದನ್ನ ವಾಕಲ್ಲಿ ಒಂದು ಹಳೇ ಗೋಡೆ ಮುಂದೆ ನಿಲ್ಲಿಸಿ ತೋರಿಸಿದ್ರು, ಸಿಮೆಂಟ್ ಹಾಕಿದ ಕಡೆ ಹಕ್ಕಳೆ ಥರ ಎದ್ದು ಬರ್ತಿತ್ತು, ಪಕ್ಕದ ಹಳೇ ಗಾರೆ ಹಾಗೇ ಗಟ್ಟಿ ಇತ್ತು. ಸುಣ್ಣ, ಮರಳು, ಇಟ್ಟಿಗೆ ಪುಡಿ, ಬೆಲ್ಲದ ನೀರು, ಅಳಲೆಕಾಯಿ ಹಾಕಿ ಗಾಣದಲ್ಲಿ ಅರೆದು ಮಾಡೋದನ್ನ ಕೈಯಾರೆ ಕಂಡಿರೋರು ಈಗ ಎಷ್ಟು ಜನ ಇದಾರೆ. ಅಪ್ಪಾಜಿ ಹತ್ರ ಕೇಳಿ, ಅವರ ಕಾಲಕ್ಕೆ ಗಾಣ ಇತ್ತಾ ಅಂತ. ಇಲ್ಲಿ ಬರೀರಿ, ನಂಗೆ ನಿಜವಾಗ್ಲೂ ತಿಳ್ಕೋಬೇಕು.

ಗುಮ್ಮಟನಗರಿ:

ಅಕ್ಕಾರ, ಇವರೆಲ್ಲಾ ಬೆಂಗ್ಳೂರು ಮೈಸೂರು ಅಂತ ಹೇಳ್ಲಿಕತ್ತಾರ, ಗಾರೆ ಕೆಲಸದವ್ರು ಅಂದ ಮ್ಯಾಲ ವಿಜಾಪುರ ನೋಡ್ಲಾರದ ಹ್ಯಾಂಗ ಇರಾಕ ಬರ್ತದ್ರಿ? ನೀವು ಗಾರೆ ಅಂತೀರಿ, ನಾವು ಗಚ್ಚು ಅಂತೀವಿ. ಗೋಳಗುಮ್ಮಟದ ಗುಮ್ಮಟ ಇಟ್ಟಂಗಿ ಗಚ್ಚಿಂದು, ಹೊರಗಿನ ಅಳತಿ 44 ಮೀಟರ್ ಅದ, ನಡುವ ಒಂದ ಕಂಬ ಇಲ್ಲ. ಮಹಮ್ಮದ್ ಆದಿಲ್ ಶಾ ತೀರಿಕೊಂಡದ್ದು 1656ಕ್ಕ, ಅವನ ಗೋರಿ ಅದು. ಚೌಕ ಕೋಲಿ ಮ್ಯಾಲ ದುಂಡನ ಗುಮ್ಮಟ ಹ್ಯಾಂಗ ಕುಂತದ ಅನ್ನೂದ ವಿಷಯ. ಎಂಟು ಕಮಾನು ಒಂದಕ್ಕೊಂದು ಅಡ್ಡ ಹಾಯ್ದು ಹೆಣಕೊಂಡಾವ, ಅವು ಗುಮ್ಮಟದ ಭಾರ ಒಳಗಿನ ಕಡೆ ಹಿಡಕೊಂಡು ಗ್ವಾಡಿಗೆ ಇಳಸ್ತಾವ. ಕೆಳಗ ನಿಂತು ತಲಿ ಎತ್ತಿ ನೋಡಿದ್ರ ಎಲ್ಲಾ ಕಾಣ್ತದ, ಪಿಸುಗುಟ್ಟೋ ಗ್ಯಾಲರಿಗೆ ಏಳು ಅಂತಸ್ತು ಮೆಟ್ಟಲಾ ಏರಬೇಕು, ಅದನ್ನ ನಿಮ್ಮ ಮಗ ಏರ್ಲಿ, ತಂದಿಯವರು ಕೆಳಗ ಕೂಡ್ಲಿ.

ಆದ್ರ ನನ್ನ ಮಾತು ಕೇಳ್ರಿ, ಅವರನ್ನ ಬಾರಾಕಮಾನಕ್ಕ ತಪ್ಪದ ಒಯ್ರಿ. ಎರಡನೇ ಅಲಿ ಆದಿಲ್ ಶಾಂದು ಗೋರಿ, ಅರ್ಧಕ್ಕ ನಿಂತದ. ಛತ್ತ ಇಲ್ಲ, ಬರೇ ಕಮಾನು ಆಕಾಶಕ್ಕ ನಿಂತಾವ. ಪೂರ್ತಿ ಆದ ಕಟ್ಟಡದಾಗ ಕೆಲಸ ಮುಚ್ಚಿ ಹೋಗಿರ್ತದ, ಇಲ್ಲಿ ಮೇಸ್ತ್ರಿ ಎದ್ದು ಊಟಕ್ಕ ಹೋಗ್ಯಾನ ಅನ್ನುವಂಗ ಎಲ್ಲಾ ಬಿಚ್ಚಿಟ್ಟದ. ನಾ ಶಾಲಿ ಹುಡುಗ್ರನ್ನ ಕರಕೊಂಡು ಹೋದಾಗೆಲ್ಲಾ ಗೋಳಗುಮ್ಮಟಕ್ಕಿಂತ ಇಲ್ಲೇ ಜಾಸ್ತಿ ಹೊತ್ತು ನಿಲ್ತೀನಿ.

ಏಪ್ರಿಲ್ 18 ವಿಶ್ವ ಪರಂಪರೆ ದಿನ, ನವೆಂಬರ್ 19ರಿಂದ 25ರ ತನಕ ಪರಂಪರೆ ಸಪ್ತಾಹ. ಏಪ್ರಿಲ್ 18ಕ್ಕ ಮತ್ತ ನವೆಂಬರ್ 19ಕ್ಕ ಕೇಂದ್ರ ಪುರಾತತ್ವ ಇಲಾಖೆ ಸ್ಮಾರಕಗಳಿಗೆ ಟಿಕೇಟ್ ಇರೂದಿಲ್ಲ. ಏಪ್ರಿಲ್‌ದಾಗ ನಮ್ಮ ಬಿಸಲು ತಡ್ಯಾಕ ಆಗೂದಿಲ್ಲ ನಿಮಗ, ನವೆಂಬರ್‌ಕ್ಕ ಬರ್ರಿ. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ್ರ ಸೀದಾ ಇಲ್ಲೇ.

ಕ್ಲೈಡ್_ತೀರ:

ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ ಬರೀತಿದೀನಿ, ಮೂಲ ಮೈಸೂರು ಸರಸ್ವತಿಪುರಂ. ನಿಮ್ಮ ತಂದೆಯವರು ಬಸ್ಸಲ್ಲಿ ಕೇಳಿದ ಮಾತು ಓದಿ ಉತ್ತರ ಬರೀದೆ ಇರೋಕಾಗ್ಲಿಲ್ಲ. ಇಲ್ಲಿ ಪ್ರತಿ ಸೆಪ್ಟೆಂಬರ್ ಡೋರ್ಸ್ ಓಪನ್ ಡೇ ಅಂತ ಮಾಡ್ತಾರೆ, 1990ರಲ್ಲಿ ಗ್ಲಾಸ್ಗೋ ಯುರೋಪಿನ ಸಂಸ್ಕೃತಿ ನಗರ ಆಗಿದ್ದಾಗ ಶುರುವಾಗಿದ್ದು. ವರ್ಷವೆಲ್ಲಾ ಬಾಗಿಲು ಹಾಕಿರೋ ಕಟ್ಟಡಗಳನ್ನ ಆವಾಗ ತೆಗೀತಾರೆ, ದುಡ್ಡಿಲ್ಲ, ಕೋಟು ಹಾಕಿರೋರೂ ಬರ್ತಾರೆ ಕೆಲಸದ ಬಟ್ಟೇಲೇ ಬರೋರೂ ಇರ್ತಾರೆ. ಒಂದ್ಸಲ ಒಬ್ರು ವಯಸ್ಸಾದ ಕಲ್ಲು ಕೆಲಸದೋರು ಟೇಬಲ್ ಹಾಕ್ಕೊಂಡು ಸುಣ್ಣದ ಗಾರೆ ಹೆಂಗೆ ಕಲಸ್ಬೇಕು ಅಂತ ಮಕ್ಕಳ ಕೈಯಲ್ಲೇ ಮಾಡಿಸ್ತಿದ್ರು, ಇಡೀ ಕಟ್ಟಡದಲ್ಲಿ ಜಾಸ್ತಿ ಜನ ಇದ್ದಿದ್ದು ಆ ಟೇಬಲ್ ಸುತ್ತ.

ಇನ್ನೊಂದು ವಿಷಯ ಹೇಳ್ಲೇಬೇಕು. ಮೈಸೂರು ಅರಮನೆ ಕಲ್ಯಾಣ ಮಂಟಪದಲ್ಲಿ ನವಿಲಿನ ಗಾಜಿನ ಗುಮ್ಮಟ ಹೊತ್ಕೊಂಡಿರೋ ಎರಕದ ಕಬ್ಬಿಣದ ಕಂಬಗಳು ಬಂದಿದ್ದು ಇಲ್ಲಿಂದ, ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸಾರಸನ್ ಫೌಂಡ್ರಿ. ಹಳೇ ಮರದ ಅರಮನೆ 1897ರಲ್ಲಿ ಮದುವೆ ಟೈಮಲ್ಲಿ ಸುಟ್ಟು ಹೋಯ್ತಲ್ಲ, ಹೊಸದಕ್ಕೆ ಹೆನ್ರಿ ಇರ್ವಿನ್ ಆದಷ್ಟು ಕಲ್ಲು, ಇಟ್ಟಿಗೆ, ಕಬ್ಬಿಣ ಹಾಕಿದ್ದಕ್ಕೆ ಕಾರಣ ಅದೇ, ಮತ್ತೆ ಬೆಂಕಿ ಬೀಳಬಾರದು ಅಂತ. ಆ ಫೌಂಡ್ರಿ ಇದ್ದ ಪೊಸಿಲ್‌ಪಾರ್ಕಿಗೆ ನಾನು ಒಂದು ಭಾನುವಾರ ಹುಡುಕ್ಕೊಂಡು ಹೋದೆ. 1967ರಲ್ಲೇ ಮುಚ್ಚಿದೆ, ಒಂದು ರಸ್ತೆಗೆ ಸಾರಸನ್ ಅಂತ ಹೆಸರು ಉಳಿದಿದೆ. ಅಲ್ಲಿ ನಿಂತ್ಕೊಂಡು ಅಮ್ಮಂಗೆ ಫೋನ್ ಮಾಡಿ "ನಮ್ಮ ಅರಮನೆ ಕಂಬ ಹುಟ್ಟಿದ ಜಾಗದಲ್ಲಿದೀನಿ" ಅಂದೆ, ಅತ್ತುಬಿಟ್ಟೆ. ನೀವು ದಸರಾಗೆ ಹೋದಾಗ ಆ ಕಂಬಗಳನ್ನ ನನ್ನ ಪರವಾಗಿ ಅಪ್ಪಂಗೆ ತೋರಿಸಿ.

ಗಾರೆಮನೆ_ಮಗಳು:

ಎಲ್ಲರಿಗೂ ಥ್ಯಾಂಕ್ಸ್, ತಡವಾಗಿ ಬರೀತಿದೀನಿ. ಹೋದ ಭಾನುವಾರ ವಿಧಾನಸೌಧಕ್ಕೆ ಹೋಗಿಬಂದ್ವಿ.

ಅಪ್ಪ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ರೆಡಿ ಆಗಿ ಕೂತಿದ್ರು. ಗೇಟಲ್ಲಿ ಪೊಲೀಸರು ಐಡಿ ನೋಡಿ "ಹೋಗಿ ಯಜಮಾನ್ರೇ" ಅಂದಾಗ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ರು. ಗೈಡ್ ಹುಡುಗಿ ಚೆನ್ನಾಗಿ ಹೇಳಿದ್ಲು, ಆದ್ರೆ ಅಪ್ಪ ಅರ್ಧಕ್ಕೇ ಗುಂಪಿಂದ ಹಿಂದೆ ಉಳಿದ್ರು, ಮಂಡಿ ನೋವೇನೋ ಅಂತ ನಾನು ವಾಪಸ್ ಹೋದ್ರೆ ಎರಡು ಕಲ್ಲು ಸೇರೋ ಕಡೆ ಉಗುರು ಆಡಿಸ್ತಾ ನಿಂತಿದಾರೆ, ಉಗುರು ಸಿಕ್ಕಿಹಾಕ್ಕೊಳೋ ಅಷ್ಟೂ ಸಂದಿಲ್ಲ. ಮಗನ್ನ ಕರೆದು ಅವನ ಉಗುರಲ್ಲೂ ಆಡಿಸಿದ್ರು. "ಇದು ಒಬ್ನು ಮಾಡಿರೋದು, ಆ ಪಕ್ಕದ್ದು ಬೇರೆಯವನದು, ಉಳಿ ಏಟು ನೋಡು ಗೊತ್ತಾಯ್ತದೆ" ಅಂತ ತೋರಿಸಿದ್ರು. ನಂಗೆ ಎರಡೂ ಒಂದೇ ಥರ ಕಂಡಿದ್ದು, ಮಗ ಮಾತ್ರ ಗೊತ್ತಾಯ್ತು ತಾತ ಅಂದ.

@ಒಂಟಿಕೊಪ್ಪಲ್‌ನವ, ಗಾಣದ ಬಗ್ಗೆ ಕೇಳಿದೆ. ಅಪ್ಪ ಹುಡುಗನಾಗಿದ್ದಾಗ ಗುರು ಮೇಸ್ತ್ರಿ ಹತ್ರ ಎತ್ತಿನ ಗಾಣ ಇತ್ತಂತೆ, ಇವರ ಕೆಲಸ ಗಾಣದ ಜಾಡಲ್ಲಿ ನೀರು ಹಾಕ್ತಾ ಎತ್ತಿನ ಹಿಂದೆ ಸುತ್ತೋದು. ಗಾರೆ ಹದ ಬಂತಾ ಅಂತ ಮೇಸ್ತ್ರಿ ಕರಣೇಲಿ ತೆಗೆದು ತಲೆಕೆಳಗು ಹಿಡೀತಿದ್ರಂತೆ, ಬೀಳಬಾರದು. ಇಷ್ಟು ವರ್ಷ ನಮಗೆ ಯಾರಿಗೂ ಇದನ್ನ ಹೇಳಿರ್ಲಿಲ್ಲ, ನಾವು ಕೇಳಿರ್ಲಿಲ್ಲ. ದಸರಾ ನಡಿಗೆಗೆ ಖಂಡಿತ ಬರ್ತೀವಿ, ಕಂಬಾನೂ ನೋಡ್ತೀವಿ ಗ್ಲಾಸ್ಗೋ ಅಕ್ಕ.

ಗುಮ್ಮಟನಗರಿಯವ್ರೇ, ನಿಮ್ಮ ಬಾರಾಕಮಾನದ ಫೋಟೋ ಮೊಬೈಲಲ್ಲಿ ತೋರಿಸಿದೆ, ಅವತ್ತಿಂದ ದಿನಾ ಕೇಳ್ತಿದಾರೆ ಯಾವಾಗ ಅಂತ. ನವೆಂಬರ್ 18 ರಾತ್ರಿ ಟ್ರೈನಿಗೆ ನೋಡ್ತಿದೀನಿ. ಸ್ಟೇಷನ್ನಿಂದ ದೂರನಾ, ಆಟೋ ಸಿಗುತ್ತಾ?

ಗುಮ್ಮಟನಗರಿ:

ದೂರ ಏನಿಲ್ರಿ, ಸ್ಟೇಷನ್ನಿಂದ ಗುಮ್ಮಟ ಹತ್ರನ ಅದ, ಆಟೋ ಬೇಕಾದಷ್ಟು. ಮುಂಜಾನೆ ಲಗೂ ಹೋಗ್ರಿ, ಶಾಲಿ ಹುಡುಗ್ರು ಬಂದು ಕೂಗಾಕ ಹತ್ತೂದ್ರೊಳಗ. ಬಾರಾಕಮಾನಕ್ಕ ಸಂಜಿಗೆ ಹೋಗೂಣು, ನಾನೂ ಬರ್ತೀನಿ, ತಂದಿಯವರ ಕಡೆಯಿಂದ ನನಗೂ ಕೇಳೂದು ಭಾಳ ಅದ.