ನೋಟಿಸ್ ಬಂದರೆ ಯಾವ ಆಫೀಸಿಗೆ ಹೋಗಬೇಕು? ವಕೀಲರ ಜೊತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಧಾರವಾಡದ ನಮ್ಮ ವಕೀಲರು ಇವತ್ತು ಸಂಜೆ ತನಕ ಗುಂಪಿನಲ್ಲಿ ಇರುತ್ತಾರೆ. ಯಾವ ಕೆಲಸ ಪಂಚಾಯ್ತಿಯದು, ಯಾವುದು ಪಾಲಿಕೆಯದು, ಯಾವುದು ರಾಜ್ಯದ್ದು, ಯಾವುದು ಕೇಂದ್ರದ್ದು, ಕೋರ್ಟಿಗೆ ಯಾವಾಗ ಹೋಗಬೇಕು ಅಂತ ಕೇಳಿ. ನಿಮ್ಮ ಊರು ಹಾಕಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಕೇಶ್ವಾಪುರ: ಮೇಡಂ, ನಮ್ಮ ಓಣಿಯ ಗಟಾರ ಕಟ್ಟಿಕೊಂಡು ಎರಡು ತಿಂಗಳಾಯ್ತು. ಸಂಸದರ ಆಫೀಸಿಗೆ ಫೋಟೋ ಕಳಿಸಿದೆವು. ಉತ್ತರವೇ ಇಲ್ಲ.

ವಕೀಲರು: ಗಟಾರ ಪಾಲಿಕೆಯ ಕೆಲಸ. ಸಂಸದರು ಪಾರ್ಲಿಮೆಂಟಿನಲ್ಲಿ ಕಾನೂನು ಮಾಡಲು ಆರಿಸಿ ಹೋದವರು. ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ 82 ವಾರ್ಡ್ ಇವೆ, ನಿಮ್ಮ ಕಾರ್ಪೊರೇಟರ್ ಯಾರು ಅಂತ ನೋಡಿ. ಪಾಲಿಕೆಯ ವಲಯ ಕಚೇರಿಗೆ ಬರಹದಲ್ಲಿ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.

ಬೆಟಗೇರಿ: ನಮ್ಮಲ್ಲೂ ಗಟಾರದ ಸಮಸ್ಯೆ ಮೇಡಂ. ಶಾಸಕರಿಗೆ ಹೇಳಬೇಕಾ?

ವಕೀಲರು: ನಗರಸಭೆಗೆ. ಉಳಿದದ್ದು ಮೇಲಿನ ಉತ್ತರದಲ್ಲಿದೆ.

ಬ್ಯಾಡಗಿ: ಮೆಣಸಿನಕಾಯಿ ಮಾರುವಾಗ ಎಪಿಎಂಸಿ ಸೆಸ್ ಕಟ್ಟುತ್ತೇವಲ್ಲ, ಆ ನಿಯಮ ಮಾಡುವುದು ಕೇಂದ್ರವಾ ರಾಜ್ಯವಾ?

ಹಾನಗಲ್ ತಾಲೂಕು: ಮೇಡಂ, ಗಾಬರಿಯಾಗಿ ಬರೆಯುತ್ತಿದ್ದೇನೆ. ನಮ್ಮ ಅತ್ತೆ ಹಳ್ಳಿಯಲ್ಲಿ ಮೂವತ್ತು ವರ್ಷದಿಂದ ಇರುವ ಮನೆ. ಪಂಚಾಯ್ತಿ ಖಾತೆ ಇದೆ, ಪ್ರತಿ ವರ್ಷ ಕರ ತುಂಬಿದ್ದೇವೆ, ಹೆಸ್ಕಾಂ ಮೀಟರ್ ಇದೆ. ಈಗ ತಹಶೀಲ್ದಾರ್ ಆಫೀಸಿನಿಂದ ನೋಟಿಸ್ ಬಂದಿದೆ. ಜಾಗ ಗಾಯರಾಣವಂತೆ, ಏಳು ದಿನದಲ್ಲಿ ಉತ್ತರ ಕೊಡಬೇಕಂತೆ. ಪಂಚಾಯ್ತಿ ಅಧ್ಯಕ್ಷರು "ಗ್ರಾಮಸಭೆಯಲ್ಲಿ ಠರಾವು ಮಾಡಿದ್ದೇವೆ, ಯಾರೂ ಮುಟ್ಟಲ್ಲ" ಅಂತಾರೆ. ಠಾಣೆಯವರು ಕರೆದು "ಜಾಗ ಬಿಟ್ಟು ಕೊಡ್ತೀವಿ ಅಂತ ಬರೆದು ಕೊಡಿ" ಅಂದರು. ಮನೆಯಲ್ಲಿ ಅತ್ತೆ ಊಟ ಬಿಟ್ಟಿದ್ದಾರೆ.

ವಕೀಲರು: ಅಕ್ಕಾ, ಮೊದಲು ಎರಡು ಮಾತು ಹೇಳಿ. ನೋಟಿಸ್ ಕೈಗೆ ಬಂದದ್ದು ಯಾವತ್ತು? ಠಾಣೆಯಲ್ಲಿ ಏನಾದರೂ ಸಹಿ ಮಾಡಿದ್ದೀರಾ?

ಹಾನಗಲ್ ತಾಲೂಕು: ಬುಧವಾರ ಬಂತು. ಸಹಿ ಮಾಡಿಲ್ಲ. ನಾಳೆ ಬನ್ನಿ ಅಂದಿದ್ದಾರೆ.

ಕುಂದಗೋಳ: ಅಕ್ಕಾರ, ಇದನ್ನು ಓದಿ. ಬೇರೆ ಗುಂಪಿನಲ್ಲಿ ಬಂದದ್ದು. "ಸಂವಿಧಾನದ 243ನೇ ವಿಧಿ ಪ್ರಕಾರ ಗ್ರಾಮಸಭೆ ತೀರ್ಮಾನವೇ ಕೊನೆ. ಸುಪ್ರೀಂ ಕೋರ್ಟೂ ಬದಲಿಸುವಂತಿಲ್ಲ. ತಹಶೀಲ್ದಾರ್ ನೋಟಿಸ್ ಬಂದರೆ ತಗೊಳ್ಳಬೇಡಿ. ರಾಜ್ಯಪಾಲರಿಗೆ ಒಂದು ಪತ್ರ ಬರೆಯಿರಿ, 24 ಗಂಟೆಯಲ್ಲಿ ತಡೆ ಬರುತ್ತದೆ."

ವಕೀಲರು: ಇದನ್ನು ಈಗಲೇ ಡಿಲೀಟ್ ಮಾಡಿ. ಇದರಲ್ಲಿ ಒಂದು ಸಾಲೂ ನಿಜ ಇಲ್ಲ. ನೋಟಿಸ್ ತಗೊಳ್ಳದಿದ್ದರೆ ಬಾಗಿಲಿಗೆ ಅಂಟಿಸಿ ಹೋಗುತ್ತಾರೆ, ದಿನ ಮಾತ್ರ ನಿಲ್ಲುವುದಿಲ್ಲ. ಹೋದ ವರ್ಷ ಇಂಥದ್ದನ್ನೇ ನಂಬಿ ಸುಮ್ನೆ ಕೂತಿದ್ದ ಒಬ್ಬ ಅಜ್ಜ ನನ್ನ ಹತ್ತಿರ ಬಂದಾಗ ಅವರ ಮನೆಯ ಒಂದು ಗೋಡೆಯೂ ನಿಂತಿರಲಿಲ್ಲ. ಹತ್ತು ದಿನ ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತು.

ಹಾನಗಲ್ ಅಕ್ಕಾ, ನಿಮ್ಮದನ್ನು ಪೂರ್ತಿ ಬರೆಯುತ್ತೇನೆ. ನಿಧಾನವಾಗಿ ಓದಿ, ಮನೆಯವರಿಗೂ ಓದಿ ಹೇಳಿ.

ಪಂಚಾಯ್ತಿ ಖಾತೆ, ಕರದ ಪಾವತಿ, ಕರೆಂಟ್ ಬಿಲ್ ಎಲ್ಲ ಬೇಕು. ನೀವು ಅಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಅನ್ನುವುದಕ್ಕೆ ಅವು ಸಾಕ್ಷಿ. ಆದರೆ ಜಾಗ ನಿಮ್ಮದು ಅಂತ ಅವು ಹೇಳುವುದಿಲ್ಲ. ಗಾಯರಾಣ ಅಂದರೆ ದನ ಮೇಯಲು ಬಿಟ್ಟ ಸರ್ಕಾರದ ಜಮೀನು, ಬೆಂಗಳೂರು ಕಡೆಯವರು ಗೋಮಾಳ ಅನ್ನುತ್ತಾರೆ. ಭೂಮಿಯ ವಿಷಯವನ್ನು ಸಂವಿಧಾನದ 7ನೇ ಅನುಸೂಚಿ ರಾಜ್ಯದ ಪಟ್ಟಿಯಲ್ಲಿ ಇಟ್ಟಿದೆ. ರಾಜ್ಯ 1964ರಲ್ಲಿ ಭೂಕಂದಾಯ ಕಾಯ್ದೆ ಮಾಡಿತು. ತಹಶೀಲ್ದಾರ್ ಕೆಲಸ ಮಾಡುವುದು ಅದರ ಅಡಿಯಲ್ಲಿ. ಪಂಚಾಯ್ತಿ ನಡೆಯುವುದು 1993ರ ಪಂಚಾಯತ್ ರಾಜ್ ಕಾಯ್ದೆಯ ಮೇಲೆ. ಮನೆ ಯಾರಿಗೆ ಕೊಡಬೇಕು ಅಂತ ಫಲಾನುಭವಿಗಳನ್ನು ಆರಿಸುವ ಅಧಿಕಾರ ಗ್ರಾಮಸಭೆಗೆ ಇದೆ. ಸರ್ಕಾರದ ಜಮೀನನ್ನು ನಿಮ್ಮ ಹೆಸರಿಗೆ ಮಾಡುವ ಅಧಿಕಾರ ಇಲ್ಲ. ಅಧ್ಯಕ್ಷರು ಒಳ್ಳೆಯ ಮನಸ್ಸಿನಿಂದ ಹೇಳಿರಬಹುದು, ಆದರೆ ಆ ಠರಾವು ನಿಮ್ಮ ಮನೆಯನ್ನು ಕಾಯುವುದಿಲ್ಲ.

ಠಾಣೆಯಲ್ಲಿ ಏನನ್ನೂ ಬರೆದು ಕೊಡಬೇಡಿ. ಜಾಗ ಯಾರದ್ದು ಅಂತ ತೀರ್ಮಾನ ಮಾಡುವ ಅಧಿಕಾರ ಪೊಲೀಸರಿಗೆ ಇಲ್ಲವೇ ಇಲ್ಲ. ಕರೆದರೆ ಮರ್ಯಾದೆಯಿಂದ ಹೋಗಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ, "ತಹಶೀಲ್ದಾರ್ ಆಫೀಸಿಗೆ ಉತ್ತರ ಕೊಡುತ್ತಿದ್ದೇವೆ" ಅಷ್ಟೇ ಹೇಳಿ ಬನ್ನಿ.

ಇನ್ನು ಉತ್ತರ. ನಾಳೆಯೇ ಕೊಡಿ, ಬುಧವಾರದ ತನಕ ಕಾಯಬೇಡಿ. ಸರ್ವೆ ಮಾಡಿಸಿ, ನಮ್ಮ ಎದುರಿಗೇ ಅಳತೆ ಆಗಲಿ ಅಂತ ಕೇಳಿ. ಹಳೆಯ ಮನೆಗಳು ಎಷ್ಟೋ ಸಲ ಗಾವಠಾಣದ, ಅಂದರೆ ಊರಿನ ಮನೆಗಳಿಗೆ ಬಿಟ್ಟ ಜಾಗದ, ಗೆರೆಯ ಒಳಗೇ ಇರುತ್ತವೆ, ಉತಾರದಲ್ಲಿ (ಪಹಣಿಯಲ್ಲಿ) ಮಾತ್ರ ಗಾಯರಾಣ ಅಂತ ಇರುತ್ತದೆ. ಹಳ್ಳಿ ನಕಾಶೆ ನೋಡದೆ ಯಾರೂ ಹೇಳಲು ಬರುವುದಿಲ್ಲ. ನಮ್ಮ ಮಾತು ಕೇಳಿ ಆಮೇಲೆ ಆದೇಶ ಮಾಡಿ ಅಂತಲೂ ಬರೆಯಿರಿ. ಆದೇಶ ವಿರುದ್ಧ ಬಂದರೆ ಮೇಲ್ಮನವಿ ಉಪವಿಭಾಗಾಧಿಕಾರಿಗೆ ಹೋಗುತ್ತದೆ, ಅಂದರೆ ಎಸಿ ಸಾಹೇಬರಿಗೆ. ಅದಕ್ಕೂ ದಿನದ ಲೆಕ್ಕ ಇದೆ.

ಮತ್ತೆ ಒಂದು ಮುಖ್ಯ ಪ್ರಶ್ನೆ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಸಕ್ರಮ ಮಾಡಿಕೊಡಲು ಅದೇ ಕಾಯ್ದೆಯಲ್ಲಿ 94ಸಿ ಅಂತ ಒಂದು ಕಲಂ ಇದೆ. ನಿಮ್ಮ ಮಾವನವರು ಯಾವಾಗಲಾದರೂ 94ಸಿ ಅರ್ಜಿ ಹಾಕಿದ್ದರಾ? ಅದರ ಸ್ವೀಕೃತಿ ಪತ್ರ ಇದ್ದರೆ ಪೂರ್ತಿ ಬೇರೆ ಮಾತು. ಟ್ರಂಕು, ದೇವರ ಗೂಡು, ಹಳೆ ಡೈರಿ, ಎಲ್ಲ ಹುಡುಕಿ.

ಯಾರಾದರೂ ಜೆಸಿಬಿ ತಂದರೆ ತಡ ಮಾಡದೆ ನನಗೆ ಫೋನ್ ಮಾಡಿ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, 15 ದಿನದ ನೋಟಿಸ್ ಕೊಡದೆ ಮನೆ ಕೆಡವುವಂತಿಲ್ಲ. ರಸ್ತೆ, ಫುಟ್‌ಪಾತ್, ರೈಲ್ವೆ ಹಳಿಯ ಬದಿ, ನದಿ, ಕೆರೆ ಜಾಗಕ್ಕೆ ಈ ರಕ್ಷಣೆ ಇಲ್ಲ. ಕೋರ್ಟೇ ಕೆಡವಲು ಹೇಳಿದ್ದರೂ ಇಲ್ಲ. ಅಧಿಕಾರಿ ತಾನೇ ನ್ಯಾಯಾಧೀಶ ಆಗಬಾರದು ಅನ್ನುವುದು ಆ ತೀರ್ಪಿನ ತಿರುಳು. ಅಂಥ ಹೊತ್ತಿನಲ್ಲಿ ಸಂವಿಧಾನದ 226ನೇ ವಿಧಿಯಲ್ಲಿ ಹೈಕೋರ್ಟಿಗೆ ಹೋಗಬಹುದು.

ಹಾನಗಲ್ ತಾಲೂಕು: ಮೇಡಂ, ನಿಮ್ಮ ಉಪಕಾರ ಮರೆಯಲ್ಲ. ಹುಡುಕುತ್ತೇವೆ.

ರಾಣೇಬೆನ್ನೂರು: ಹೈಕೋರ್ಟ್ ಅಂದರೆ ಬೆಂಗಳೂರಿಗೆ ಹೋಗಬೇಕಾ?

ವಕೀಲರು: ಬೇಡ. ಧಾರವಾಡ ಪೀಠ. 2008ರಿಂದ ಇದೆ, 2013ರ ಆಗಸ್ಟ್‌ನಲ್ಲಿ ಕಾಯಂ ಆಯಿತು. ಹಾವೇರಿ, ಗದಗ ಎರಡೂ ಅದರ ವ್ಯಾಪ್ತಿಯಲ್ಲಿವೆ.

ಕುಂದಗೋಳ: ಮೇಡಂ, ಬೇಜಾರು ಮಾಡ್ಕೋಬೇಡಿ. ಒಡಿಶಾದ ನಿಯಮಗಿರಿಯಲ್ಲಿ ಗ್ರಾಮಸಭೆ ಹೇಳಿದ್ದಕ್ಕೇ ಗಣಿ ನಿಂತಿತು ಅಲ್ವಾ? ಹಂಗಾದರೆ ಫಾರ್ವರ್ಡ್ ಪೂರ್ತಿ ಸುಳ್ಳು ಹೇಗೆ?

ವಕೀಲರು: ಅದು 2013ರ ಸುಪ್ರೀಂ ಕೋರ್ಟ್ ತೀರ್ಪು. ಅಲ್ಲಿ ಇದ್ದದ್ದು ಆದಿವಾಸಿಗಳ ಅರಣ್ಯ ಹಕ್ಕು, ಮತ್ತು ಅದು 5ನೇ ಅನುಸೂಚಿಯ ಪ್ರದೇಶ, ಅಂದರೆ ಆದಿವಾಸಿಗಳಿಗಾಗಿ ಸಂವಿಧಾನ ಬೇರೆಯಾಗಿ ಗುರುತಿಸಿದ ಪ್ರದೇಶ. ಕರ್ನಾಟಕದಲ್ಲಿ 5ನೇ ಅನುಸೂಚಿಯ ಪ್ರದೇಶವೇ ಇಲ್ಲ. ಗ್ರಾಮಸಭೆಯನ್ನು ಕೇಳಿ ಅಂತ ಹೇಳಿದ್ದೂ ಕೋರ್ಟೇ. ಫಾರ್ವರ್ಡ್ ಹೇಳುವುದು ಕೋರ್ಟಿಗೆ ಅಧಿಕಾರವೇ ಇಲ್ಲ ಅಂತ. ನೀವು ಅದನ್ನು ಇನ್ನೂ ಡಿಲೀಟ್ ಮಾಡಿಲ್ಲ.

ಗದಗ, ನಿವೃತ್ತ ಶಿಕ್ಷಕ: ಒಂದು ಮಾತು ಸೇರಿಸುತ್ತೇನೆ. ಗ್ರಾಮಸಭೆಗೆ ಜಾಸ್ತಿ ಅಧಿಕಾರ ಬೇಕು ಅಂತ ಜನ ಆಸೆ ಪಡುವುದು ತಪ್ಪಲ್ಲ. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗೆ ಚುನಾವಣೆ ಆದಾಗ ನಾನು ಮತಗಟ್ಟೆ ಡ್ಯೂಟಿ ಮಾಡಿದ್ದೆ. ಆಗಿನ ಹುರುಪು ಬೇರೆ. ಈಗ ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆ ಅಂತ 29 ವಿಷಯ ಬರೆದಿಟ್ಟಿದ್ದಾರೆ. ಆದರೆ ಹಣ, ಸಿಬ್ಬಂದಿ ಎಲ್ಲ ಮೇಲಿನವರ ಕೈಯಲ್ಲಿ.

ಗೋಕುಲ ರಸ್ತೆ: ಸರ್, ಎಲ್ಲಾ ಅಧಿಕಾರ ದಿಲ್ಲಿಯವರು ಇಟ್ಟುಕೊಂಡಿದ್ದಾರೆ. ಅದೇ ಮೂಲ ರೋಗ.

ಗದಗ, ನಿವೃತ್ತ ಶಿಕ್ಷಕ: ಜಿಲ್ಲಾ, ತಾಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಮಾಡಿಸದೆ ಅಧಿಕಾರಿಗಳ ಕೈಗೆ ಕೊಟ್ಟರು. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು ಅಂತ ಸಂವಿಧಾನ ಹೇಳುತ್ತದೆ. ಇದನ್ನು ದಿಲ್ಲಿಯವರು ಮಾಡಿದರಾ?

ಗೋಕುಲ ರಸ್ತೆ: ನೀವು ಯಾವ ಪಕ್ಷ ಅಂತ ಗೊತ್ತಾಯ್ತು ಬಿಡಿ.

ಗದಗ, ನಿವೃತ್ತ ಶಿಕ್ಷಕ: ಮಾಸ್ತರಿಗೆ ಪಕ್ಷ ಕಟ್ಟಬೇಡಿ. ಬೊಮ್ಮನಹಳ್ಳಿಯಿಂದ ಬೆಟಗೇರಿ ತನಕ ಯಾರ ಆಳ್ವಿಕೆ ಇದ್ದರೂ ಇದೇ ಕತೆ. ನಿಮ್ಮ ಪಾಲಿಕೆಗೇ 2013ರ ನಂತರ ಚುನಾವಣೆ ಆದದ್ದು 2021ರ ಸೆಪ್ಟೆಂಬರ್‌ನಲ್ಲಿ.

ನವಲಗುಂದ: ನೀವು ಪಕ್ಷದ ಜಗಳ ಆಡಿ. ನಮಗೆ ನೀರು ಬೇಕು. ಕಳಸಾ ಬಂಡೂರಿ ಯಾರು ತಡೆದಿದ್ದಾರೆ? ಮೇಡಂ ಹೇಳಲಿ.

ಗೋಕುಲ ರಸ್ತೆ: ಕೇಂದ್ರ ತಡೆದಿದೆ. ಇನ್ಯಾರು?

ನರಗುಂದ: ಸುಳ್ಳು. ರಾಜ್ಯದವರು ಕಾಗದ ಸರಿ ಕೊಟ್ಟಿಲ್ಲ. 1980ರ ರೈತ ಬಂಡಾಯದಲ್ಲಿ ನಮ್ಮವರು ಗುಂಡಿಗೆ ಎದೆ ಕೊಟ್ಟಾಗ ಅಧಿಕಾರದಲ್ಲಿ ಯಾರಿದ್ದರು?

ಗೋಕುಲ ರಸ್ತೆ: ಅದಕ್ಕೂ ಇದಕ್ಕೂ ಏನು ಸಂಬಂಧ? ಸ್ವಲ್ಪ ಓದಿಕೊಂಡು ಬನ್ನಿ.

ನರಗುಂದ: ಓದು ಕಲಿಸಲು ನೀವು ಯಾರ್ರೀ? ಹೊಲಕ್ಕೆ ಒಂದು ದಿನ ಬಂದು ನೋಡಿ.

ವಕೀಲರು: ಇಬ್ಬರೂ ನಿಲ್ಲಿಸಿ. ಕಳಸಾ, ಬಂಡೂರಿ ಎರಡೂ ಗೋವಾಕ್ಕೆ ಹರಿಯುವ ಮಹದಾಯಿ ನದಿಯ ಹಳ್ಳಗಳು. ನೀರು ರಾಜ್ಯದ ಪಟ್ಟಿಯಲ್ಲಿದೆ. ಆದರೆ ನದಿ ಎರಡು ರಾಜ್ಯದಲ್ಲಿ ಹರಿದರೆ ಒಂದು ರಾಜ್ಯವೇ ತೀರ್ಮಾನಿಸಲು ಬರುವುದಿಲ್ಲ. 262ನೇ ವಿಧಿ ಅದಕ್ಕೇ ಇದೆ, ಅದರ ಅಡಿ 1956ರ ಕಾಯ್ದೆ, ಅದರ ಅಡಿ ನ್ಯಾಯಮಂಡಳಿ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ. 2020ರ ಫೆಬ್ರವರಿಯಲ್ಲಿ ಕೇಂದ್ರ ಅದನ್ನು ಗೆಜೆಟ್‌ನಲ್ಲಿ ಹಾಕಿತು. 2022ರ ಕೊನೆಗೆ ಕೇಂದ್ರ ಜಲ ಆಯೋಗ ಯೋಜನಾ ವರದಿಗೆ ಒಪ್ಪಿತು. ಅಷ್ಟಾದರೂ ಅರಣ್ಯ, ವನ್ಯಜೀವಿ ಅನುಮತಿ ಬೇರೆಯೇ ಬೇಕು. ಕಾಡು, ಕಾಡುಪ್ರಾಣಿ ಎರಡನ್ನೂ 1976ರಲ್ಲಿ ರಾಜ್ಯದ ಪಟ್ಟಿಯಿಂದ ತೆಗೆದು ಇಬ್ಬರಿಗೂ ಸೇರಿದ ಪಟ್ಟಿಗೆ ಹಾಕಿದರು. ಗೋವಾವೂ ಸುಪ್ರೀಂ ಕೋರ್ಟಿಗೆ ಹೋಗಿದೆ. ಒಂದು ಕಾಲುವೆಗೆ ಇಷ್ಟು ಜನರ ಸಹಿ ಬೇಕು. ನವಲಗುಂದದ ಅಣ್ಣಾ, ಯಾರಾದರೂ ಒಬ್ಬರ ಹೆಸರು ಹೇಳಿ ಮುಗಿಸಿದರೆ ನಂಬಬೇಡಿ.

ನವಲಗುಂದ: ಹಂಗಾದರೆ ನಾವು ಯಾರ ಹತ್ತಿರ ಹೋಗಬೇಕು?

ಗೋಕುಲ ರಸ್ತೆ: ಮೇಡಂ ಕೂಡ ಕೇಂದ್ರದ ಪರ ಮಾತಾಡುತ್ತಿದ್ದಾರೆ.

ವಕೀಲರು: ಅಡ್ಮಿನ್, ಇವರನ್ನು ಸುಮ್ಮನಿರಿಸಿ. ಇಲ್ಲದಿದ್ದರೆ ನಾನು ಹೊರಡುತ್ತೇನೆ.

ಅಡ್ಮಿನ್: ಗೋಕುಲ ರಸ್ತೆಯ ಸದಸ್ಯರು ಇವತ್ತಿಗೆ ಸಾಕು ಮಾಡಿ.

ಬ್ಯಾಡಗಿ: ಮೇಡಂ, ನನ್ನ ಸೆಸ್ ಪ್ರಶ್ನೆ ಮೇಲೆ ಹೋಯ್ತು.

ಶಿಗ್ಗಾವಿ: ಡಿಸಿ ಆದೇಶವನ್ನು ರಾಜ್ಯಪಾಲರು ರದ್ದು ಮಾಡಬಹುದಾ? ಮುಖ್ಯಮಂತ್ರಿಯನ್ನೇ ತೆಗೆಯುತ್ತಾರಲ್ಲ?

ವಕೀಲರು: ರಾಜ್ಯಪಾಲರು ಸಾಮಾನ್ಯವಾಗಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು, 163ನೇ ವಿಧಿ. ಡಿಸಿ ಆದೇಶಕ್ಕೆ ಬೇರೆ ಮೇಲ್ಮನವಿ ಇದೆ. ಮುಖ್ಯಮಂತ್ರಿಯ ವಿಷಯವನ್ನು ಶಿಗ್ಗಾವಿಯವರು ಕೇಳಿದ್ದು ಖುಷಿ ಆಯಿತು, ಆ ಕೇಸಿನ ಮನುಷ್ಯ ನಿಮ್ಮ ಜಿಲ್ಲೆಯ ಕಾರಡಗಿಯವರು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು ವಜಾ ಮಾಡಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂದರೂ ಅವರಿಗೆ ಅವಕಾಶ ಸಿಗಲಿಲ್ಲ. ಅವರು ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು, ಬಹುಮತ ಎಣಿಸುವ ಜಾಗ ಸದನ, ರಾಜಭವನ ಅಲ್ಲ ಅಂದರು. ರಾಷ್ಟ್ರಪತಿ ಆಳ್ವಿಕೆಯನ್ನೂ ಕೋರ್ಟ್ ಪರಿಶೀಲಿಸಬಹುದು ಅಂದರು. ಆ ತೀರ್ಪಿನಿಂದ ಅವರಿಗೆ ಕುರ್ಚಿ ಮರಳಿ ಸಿಗಲಿಲ್ಲ. ಆದರೆ ಆಮೇಲೆ ಬಂದ ಎಲ್ಲ ರಾಜ್ಯ ಸರ್ಕಾರಗಳಿಗೂ ಅದು ಬೇಲಿ ಆಯಿತು. ನಾನು ಕಾನೂನು ಓದಲು ಬಂದದ್ದೇ ಈ ಕೇಸಿನ ಕತೆ ಕೇಳಿ.

ವಿದ್ಯಾನಗರ: ಮೇಡಂ ಗಟಾರ ಯಾರ ಕೆಲಸ?

ವಕೀಲರು: ಮೇಲೆ ಎರಡು ಸಲ ಬರೆದಿದ್ದೇನೆ. ಓದಿ.

ಕುಂದಗೋಳ: ಇನ್ನೊಂದು ಬಂದಿದೆ, "ಪ್ರಧಾನಿ ಪೋರ್ಟಲ್‌ನಲ್ಲಿ ದೂರು ಹಾಕಿದರೆ ತಹಶೀಲ್ದಾರ್ ಆದೇಶ ತಾನೇ ರದ್ದು"...

ವಕೀಲರು: ಸುಳ್ಳು. ಅಲ್ಲಿ ಹಾಕಿದ ದೂರು ಸುತ್ತಿ ಬಂದು ರಾಜ್ಯಕ್ಕೇ ಇಳಿಯುತ್ತದೆ, ಅಷ್ಟರಲ್ಲಿ ಮೇಲ್ಮನವಿಯ ದಿನ ಮುಗಿದಿರುತ್ತದೆ. ಜನರ ಮನೆ ಹೋಗುತ್ತದೆ ರೀ. ಇನ್ನೊಂದು ಹಾಕಿದರೆ ನಿಮಗೆ ನಾನು ಉತ್ತರ ಕೊಡುವುದಿಲ್ಲ.

ಹಾನಗಲ್ ತಾಲೂಕು: ಮೇಡಂ, ಸಿಕ್ಕಿತು! ಮಾವನವರ ಪೆಟ್ಟಿಗೆಯ ಅಡಿಯಲ್ಲಿ ಇತ್ತು. 94ಸಿ ಅರ್ಜಿಯ ಸ್ವೀಕೃತಿ. ಸೀಲು ಇದೆ, ನಂಬರ್ ಇದೆ. ಆಮೇಲೆ ಏನಾಯಿತು ಅಂತ ಯಾರೂ ತಿಳಿಸಿಲ್ಲ.

ವಕೀಲರು: ಒಳ್ಳೆಯದಾಯಿತು ಅಕ್ಕಾ. ಅದರ ಫೋಟೋ ಗುಂಪಿಗೆ ಹಾಕಬೇಡಿ, ನನಗೆ ಮಾತ್ರ ಕಳಿಸಿ. ಅಸಲು ಕಾಗದ ಯಾರ ಕೈಗೂ ಕೊಡಬೇಡಿ, ಠಾಣೆಯಲ್ಲಿ ಕೇಳಿದರೂ ಕೊಡಬೇಡಿ. ಮೂರು ಝೆರಾಕ್ಸ್ ಮಾಡಿಸಿ. ಆ ಅರ್ಜಿ ಇನ್ನೂ ತೀರ್ಮಾನ ಆಗಿಲ್ಲದಿದ್ದರೆ, ಮೊದಲು ಅದನ್ನು ತೀರ್ಮಾನಿಸಿ, ಅಲ್ಲಿ ತನಕ ಮನೆ ಮುಟ್ಟಬೇಡಿ ಅಂತ ನಾಳೆಯ ಉತ್ತರದಲ್ಲಿ ಮೊದಲ ಸಾಲಿಗೇ ಬರೆಯೋಣ. ಬೆಳಿಗ್ಗೆ ಹತ್ತಕ್ಕೆ ಅತ್ತೆಯವರನ್ನೂ ಕರೆದುಕೊಂಡು ತಹಶೀಲ್ದಾರ್ ಆಫೀಸಿಗೆ ಬನ್ನಿ. ಹಾನಗಲ್‌ನಲ್ಲಿ ನನ್ನ ಜೂನಿಯರ್ ಇರುತ್ತಾರೆ. ಇವತ್ತು ರಾತ್ರಿ ಅತ್ತೆಯವರಿಗೆ ಊಟ ಮಾಡಿಸಿ.