ಬಿಎನ್‌ವೈಎಸ್ ಮುಗಿಸಿ ಕ್ಯಾಲಿಫೋರ್ನಿಯಾದಲ್ಲಿ ಅಕ್ಯುಪಂಕ್ಚರ್ ಪ್ರಾಕ್ಟೀಸ್: ಅನುಭವ ಇದ್ದವರು ಹೇಳಿ

ಪ್ರಶ್ನೆ (ಸನಿವೇಲ್‌ನಿಂದ)

ಎಲ್ಲರಿಗೂ ನಮಸ್ಕಾರ. ಉಜಿರೆಯಲ್ಲಿ ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ, ಯೋಗದ ಡಿಗ್ರಿ) ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದಿದ್ದೇನೆ. ಯಜಮಾನರ ವೀಸಾ ಮೇಲೆ ಸಿಗುವ ಎಚ್4 ವೀಸಾ, ಇಎಡಿ (ಕೆಲಸ ಮಾಡಲು ಅನುಮತಿ ಪತ್ರ) ಈಗಷ್ಟೇ ಕೈಗೆ ಬಂತು. ಕಾಲೇಜಿನಲ್ಲಿ ಅಕ್ಯುಪಂಕ್ಚರ್ ಅಂದರೆ ನನಗೆ ತುಂಬ ಇಷ್ಟ. ಇಲ್ಲಿ ಅದನ್ನೇ ವೃತ್ತಿ ಮಾಡಿಕೊಳ್ಳುವ ಆಸೆ. ನಮ್ಮ ಡಿಗ್ರಿಗೆ ಇಲ್ಲಿ ಬೆಲೆ ಇದೆಯಾ? ಚೈನೀಸ್ ಗಿಡಮೂಲಿಕೆಯನ್ನೂ ಕಲಿಯಲೇಬೇಕಾ? ಇಷ್ಟೆಲ್ಲ ಓದಿದ ಮೇಲೆ ಸಂಪಾದನೆ ಆಗುತ್ತಾ? ಗೂಗಲ್ ಮಾಡಿ ಮಾಡಿ ತಲೆ ಕೆಟ್ಟಿದೆ. ಕೆಲಸ ಮಾಡಿದವರು ಹೇಳಿದರೆ ಉಪಕಾರ.

ಫ್ರೀಮಾಂಟ್‌ನಲ್ಲಿ ಸ್ವಂತ ಕ್ಲಿನಿಕ್ ಇಟ್ಟವರು

ಡಿಗ್ರಿ ವಿಷಯ ಮೊದಲು ಮುಗಿಸುತ್ತೇನೆ. ಅದನ್ನು ಇಟ್ಟುಕೊಂಡು ನೇರವಾಗಿ ಪ್ರಾಕ್ಟೀಸ್ ಮಾಡಲು ಆಗುವುದಿಲ್ಲ. ಲೈಸೆನ್ಸ್ ಇಲ್ಲದೆ ಪಕ್ಕದ ಮನೆಯವರಿಗೆ ಸುಮ್ನೆ ಒಂದೆರಡು ಸೂಜಿ ಹಾಕಿದರೂ ಈ ರಾಜ್ಯದಲ್ಲಿ ಅಪರಾಧ. ಅನಾಟಮಿ, ಫಿಸಿಯಾಲಜಿ ಥರದ ವಿಷಯಗಳಿಗೆ ಕೆಲವು ಕಾಲೇಜುಗಳು ವಿನಾಯಿತಿ ಕೊಡುತ್ತವೆ. ಯಾವುದಕ್ಕೆಲ್ಲ ಕೊಡುತ್ತಾರೆ ಅಂತ ಫೀಸು ಕಟ್ಟುವ ಮುಂಚೆಯೇ ಬರೆಸಿಕೊಳ್ಳಿ. ಬಾಯಿಮಾತು ನಂಬಬೇಡಿ.

ಸಂಪಾದನೆ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಬಹಳ ಜನ ಅದನ್ನು ಕೊನೆಗೆ ಕೇಳುತ್ತಾರೆ. ಕ್ಯಾಲಿಫೋರ್ನಿಯಾ ಹಾಕಿಕೊಟ್ಟ ಪಠ್ಯಕ್ರಮ ಕನಿಷ್ಠ 3,000 ಗಂಟೆಗಳದ್ದು. ತರಗತಿ 2,050 ಗಂಟೆ, ಕ್ಲಿನಿಕ್ ತರಬೇತಿ 950 ಗಂಟೆ. ಇದರಲ್ಲಿ ಗಿಡಮೂಲಿಕೆಗೇ 450 ಗಂಟೆ. ಕ್ಲಿನಿಕ್ ನಡೆಸುವುದು ಹೇಗೆ ಅನ್ನುವುದಕ್ಕೆ? 45 ಗಂಟೆ! ಓದು ಕಷ್ಟ, ನಿಜ. ಆದರೆ ಬಿಎನ್‌ವೈಎಸ್ ಮುಗಿಸಿದವರಿಗೆ ಪರೀಕ್ಷೆ ಹೊಸದಲ್ಲ, ಪಾಸಾಗುತ್ತೀರಿ. ನಿಜವಾದ ಕಷ್ಟ ಆಮೇಲೆ. ನನ್ನ ಜೊತೆ ಲೈಸೆನ್ಸ್ ತೆಗೆದುಕೊಂಡು ಈಗ ಬೇರೆ ಕೆಲಸ ಮಾಡುತ್ತಿರುವವರು ಎಷ್ಟೋ ಜನ. ಅವರಿಗೆ ಕೈಗುಣ ಇರಲಿಲ್ಲ ಅಂತಲ್ಲ. ಪೇಷಂಟ್‌ಗಳು ಬರಲಿಲ್ಲ, ಬಾಡಿಗೆ ನಿಲ್ಲಲಿಲ್ಲ.

ಅದಕ್ಕೇ ಹೇಳುವುದು, ಶುರುವಿನಲ್ಲೇ ಪೂರ್ತಿ ಜಾಗ ಲೀಸ್‌ಗೆ ತಗೊಬೇಡಿ. ಕೈರೋಪ್ರಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಹತ್ತಿರ ವಾರಕ್ಕೆ ಎರಡು ದಿನ ಒಂದು ರೂಮು ಹಿಡಿಯಿರಿ. ಮಾಕ್ಸಾ (ಬಿಂದುಗಳಿಗೆ ಬಿಸಿ ಕೊಡಲು ಬಳಸುವ ಒಣ ಎಲೆ) ಸುಡಲು ಬಿಡುತ್ತಾರಾ ಅಂತ ಕೇಳಿಕೊಳ್ಳಿ. ಅದು ನಮ್ಮ ಮಾಚಿಪತ್ರೆಯ ಜಾತಿಯ ಗಿಡವೇ. ಆದರೆ ಹೊಗೆಯ ವಾಸನೆ ಥೇಟ್ ಗಾಂಜಾ. ಪಕ್ಕದ ಆಫೀಸಿನವರು ದೂರು ಕೊಟ್ಟಿದ್ದನ್ನು ನೋಡಿದ್ದೇನೆ. ಇನ್ನೊಂದು, ಇಲ್ಲಿ ನಮ್ಮಂಥ ಲೈಸೆನ್ಸ್ ವೃತ್ತಿಗೆ ಎಲ್‌ಎಲ್‌ಸಿ (ಒಂದು ಬಗೆಯ ಕಂಪನಿ) ಮಾಡುವ ಹಾಗಿಲ್ಲ. ಒಬ್ಬರೇ ನಡೆಸಿ, ಇಲ್ಲವೇ ಲೈಸೆನ್ಸ್ ವೃತ್ತಿಯವರಿಗೆಂದೇ ಇರುವ ಪ್ರೊಫೆಷನಲ್ ಕಾರ್ಪೊರೇಷನ್ ಮಾಡಿ. ಗೆಳೆಯರು ಹೇಳಿದರು ಅಂತ ಆನ್‌ಲೈನ್‌ನಲ್ಲಿ ಎಲ್‌ಎಲ್‌ಸಿ ತೆರೆದು ಆಮೇಲೆ ಒದ್ದಾಡುವವರು ಇದ್ದಾರೆ.

ಇನ್ಶೂರೆನ್ಸ್ ಬಿಲ್ಲಿಂಗ್ ನೀವೇ ಕಲಿಯಿರಿ. 97810 ಅನ್ನುವ ಕೋಡ್ ಮೊದಲ 15 ನಿಮಿಷಕ್ಕೆ, 97811 ಮುಂದಿನ ಪ್ರತಿ 15 ನಿಮಿಷಕ್ಕೆ. ಲೆಕ್ಕಕ್ಕೆ ಬರುವುದು ನೀವು ಪೇಷಂಟ್ ಪಕ್ಕದಲ್ಲೇ ಇದ್ದ ಸಮಯ ಮಾತ್ರ. ಎರಡನೇ ಕೋಡ್ ಹಾಕಬೇಕಾದರೆ ಮತ್ತೆ ಸೂಜಿ ಹಾಕಿರಬೇಕು. ಸೂಜಿ ಹಾಕಿಸಿಕೊಂಡು ಅವರು ಗೊರಕೆ ಹೊಡೆಯುವ ಅರ್ಧ ಗಂಟೆಗೆ ದುಡ್ಡಿಲ್ಲ. ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ 2020ರ ಜನವರಿಯಿಂದ ಹಳೇ ಸೊಂಟನೋವಿಗೆ ಅಕ್ಯುಪಂಕ್ಚರ್ ಒಪ್ಪಿದೆ. 90 ದಿನದಲ್ಲಿ 12 ಸಲ, ಗುಣ ಕಂಡರೆ ಇನ್ನೂ 8, ವರ್ಷಕ್ಕೆ 20ಕ್ಕಿಂತ ಜಾಸ್ತಿ ಇಲ್ಲ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ನಾವು ಮೆಡಿಕೇರ್‌ಗೆ ನೇರವಾಗಿ ಬಿಲ್ ಕಳಿಸುವ ಹಾಗಿಲ್ಲ. ಡಾಕ್ಟರ್ ಮೇಲ್ವಿಚಾರಣೆಯಲ್ಲಿ ಮಾಡಿ, ಅವರ ಕಡೆಯಿಂದ ಹೋಗಬೇಕು.

ನಮ್ಮ ಜನದ ಬಗ್ಗೆ ಒಂದು ಮಾತು. ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಸಿಕ್ಕವರೆಲ್ಲ ಮಂಡಿ ತೋರಿಸುತ್ತಾರೆ, ಕ್ಲಿನಿಕ್‌ಗೆ ಬರುವವರು ಕಡಿಮೆ. ಬಂದವರು "ನಮ್ಮವರೇ ಅಲ್ವಾ, ಸ್ವಲ್ಪ ನೋಡಿ" ಅನ್ನುತ್ತಾರೆ. ಒಂದು ದರ ಇಟ್ಟುಕೊಳ್ಳಿ, ಎಲ್ಲರಿಗೂ ಅದೇ ಹೇಳಿ.

ಸ್ಯಾನ್ ಹೋಸೆಯಲ್ಲಿ ಪೇಯ್ನ್ ಕ್ಲಿನಿಕ್ ಉದ್ಯೋಗಿ

ಮೇಲಿನವರು ಸ್ವಂತ ಕ್ಲಿನಿಕ್ ಒಂದೇ ದಾರಿ ಅನ್ನುವ ಹಾಗೆ ಬರೆದಿದ್ದಾರೆ. ನಾನು ಸಂಬಳಕ್ಕಿದ್ದೇನೆ. ದುಡ್ಡು ಕಡಿಮೆ, ಆದರೆ ಬಿಲ್ಲಿಂಗ್ ತಲೆನೋವು ಬೇರೆಯವರದು. ಮಗು ಚಿಕ್ಕದಿದ್ದರೆ ಇದು ವಾಸಿ.

ಕೆಲಸದ ರೀತಿ ಮಾತ್ರ ಬೇರೆ. ಒಂದೇ ಹೊತ್ತಿಗೆ ಎರಡು ಮೂರು ರೂಮು ನೋಡಬೇಕು. ಹಾಕಿದ ಸೂಜಿ ಎಷ್ಟು, ತೆಗೆದದ್ದು ಎಷ್ಟು ಅಂತ ಬರೆದಿಡುವುದು ಕಡ್ಡಾಯ ಅಂದುಕೊಳ್ಳಿ. ಮರೆತ ಸೂಜಿ ಸಿಗುವುದು ಕೂದಲೊಳಗೆ ಅಥವಾ ಟವೆಲ್ ಅಡಿ. ಭುಜದ ಮೇಲಿನ ಜಿಬಿ21 ಬಿಂದುವಿಗೆ ಸಣಕಲು ಮೈಯವರಲ್ಲಿ ಆಳವಾಗಿ ಹಾಕಿದರೆ ಶ್ವಾಸಕೋಶಕ್ಕೆ ತಾಗುತ್ತದೆ. ಗಂಟೆಗಳ ನಂತರ ಉಸಿರಾಟದ ತೊಂದರೆ ಶುರುವಾಗಬಹುದು. ಮೊದಲ ಸಲ ಬಂದವರನ್ನು, ಅದರಲ್ಲೂ ಊಟ ಬಿಟ್ಟು ಬಂದವರನ್ನು, ಕೂರಿಸಿ ಸೂಜಿ ಹಾಕಬೇಡಿ. ಮಲಗಿಸಿ. ತಲೆ ಸುತ್ತಿ ಬೀಳುವವರು ಸಾಮಾನ್ಯವಾಗಿ ಅವರೇ. ಗರ್ಭಿಣಿಯರಲ್ಲಿ ಎಲ್‌ಐ4, ಎಸ್‌ಪಿ6 ಬಿಂದುಗಳನ್ನು ಬಿಡಬೇಕು ಅನ್ನುವುದು ಉಜಿರೆಯಲ್ಲೇ ಹೇಳಿಕೊಟ್ಟಿರುತ್ತಾರೆ. ಇಲ್ಲಿ ಅದನ್ನು ಕೇಳಿ, ಉತ್ತರವನ್ನು ಫೈಲಿನಲ್ಲಿ ಬರೆಯಲೂ ಬೇಕು.

ಅಕ್ಯುಪಂಕ್ಚರಿಸ್ಟ್ ಒಬ್ಬರ ಗಂಡ

ನನಗೆ ಸೂಜಿ ಅಂದರೆ ಭಯ, ಆದರೂ ಬರೆಯುತ್ತೇನೆ. ನಮ್ಮ ಮನೆಯಾಕೆ ಓದುವಾಗ ನಾವು ಯೋಚಿಸದೇ ಇದ್ದದ್ದು ಊರು ಬದಲಾಗುವ ವಿಷಯ. ಕ್ಯಾಲಿಫೋರ್ನಿಯಾ ತನ್ನದೇ ಪರೀಕ್ಷೆ ಇಟ್ಟುಕೊಂಡಿದೆ. ಬೇರೆ ಬಹುತೇಕ ರಾಜ್ಯಗಳು ಕೇಳುವುದು ರಾಷ್ಟ್ರೀಯ ಬೋರ್ಡಿನ ಪರೀಕ್ಷೆ. ನಿಮ್ಮ ಯಜಮಾನರಿಗೆ ನಾಳೆ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಕೆಲಸ ಸಿಕ್ಕರೆ? ಓದಿದ್ದು ನೆನಪಿರುವಾಗಲೇ ಎರಡನ್ನೂ ಬರೆದುಬಿಡಿ. ಮತ್ತೆ, ಲೈಸೆನ್ಸ್ ಬಂದ ಮೇಲೂ ಕೆಲವು ಕಾಲ ಮನೆ ಒಂದೇ ಸಂಬಳದಲ್ಲಿ ನಡೆಯುತ್ತದೆ. ಇಬ್ಬರೂ ಕೂತು ಲೆಕ್ಕ ಹಾಕಿ. ಯಜಮಾನರು "ಪರವಾಗಿಲ್ಲ, ಓದು" ಅಂದರೆ ಅಷ್ಟಕ್ಕೇ ಬಿಡಬೇಡಿ, ಅಂಕಿ ತೋರಿಸಿ.

ಹುಬ್ಬಳ್ಳಿಯಿಂದ, ಬಿಎನ್‌ವೈಎಸ್ ಸೀನಿಯರ್

ತಂಗಿ, ವಾಪಸ್ ಬರುವ ಯೋಚನೆ ಇದ್ದರೆ ಇಲ್ಲಿನ ಕಥೆಯನ್ನೂ ಕೇಳು. ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಒಪ್ಪಿತು. ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳಲ್ಲಿ ಅದಕ್ಕೇ ಪ್ರತ್ಯೇಕ ಕಾಯ್ದೆ ಇದೆ. ನಾವು ಇಲ್ಲಿ ಬಿಎನ್‌ವೈಎಸ್ ಬಲದ ಮೇಲೆ ಮಾಡುತ್ತೇವೆ. ಕ್ಲಿನಿಕ್‌ಗೆ ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಬೇಕು. ಬಳಸಿದ ಸೂಜಿ ಬಿಳಿ ಡಬ್ಬಿಗೆ ಹೋಗಬೇಕು, ಕಸದ ಬುಟ್ಟಿಗಲ್ಲ.

ಪೇಷಂಟ್‌ಗಳಲ್ಲಿ ಕೆಲವರು "ಚೀನಾದ ಔಷಧಿ ನಮಗ್ಯಾಕೆ ಡಾಕ್ಟ್ರೇ" ಅನ್ನುತ್ತಾರೆ. ಸೊಲ್ಲಾಪುರದ ಡಾ. ಕೋಟ್ನಿಸ್ ಹೆಸರು ಹೇಳಿದರೆ ಹಿರಿಯರಿಗೆ ಗೊತ್ತಾಗುತ್ತದೆ. 1938ರಲ್ಲಿ ಯುದ್ಧದ ಗಾಯಾಳುಗಳ ಸೇವೆಗೆ ಅವರ ಜೊತೆ ಚೀನಾಕ್ಕೆ ಹೋದ ವೈದ್ಯರ ತಂಡದಲ್ಲಿದ್ದ ಡಾ. ಬಿ.ಕೆ. ಬಸು ಅವರೇ ಆಮೇಲೆ ಈ ವಿದ್ಯೆಯನ್ನು ಕೋಲ್ಕತ್ತಾಗೆ ತಂದದ್ದು. ಇಷ್ಟು ಹೇಳಿದರೆ ಅರ್ಧ ಅನುಮಾನ ಹೋಗುತ್ತದೆ. ಉಳಿದರ್ಧ ಹೋಗಬೇಕಾದರೆ ನೋವು ಕಡಿಮೆಯಾಗಬೇಕು! ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಬೋರ್ಡ್ ಹಾಕುವವರ ಸಾಲಿಗೆ ಮಾತ್ರ ಸೇರಬೇಡ. ಸೊಂಟ, ಮಂಡಿ, ಅರೆತಲೆನೋವು, ಕಿಮೋ ಪೇಷಂಟ್‌ಗಳ ವಾಂತಿ, ಇಷ್ಟರಲ್ಲೇ ಬೇಕಾದಷ್ಟು ಕೆಲಸ ಇದೆ.

ಸನಿವೇಲ್‌ನಿಂದ, ಮತ್ತೆ

ಎಲ್ಲರಿಗೂ ಧನ್ಯವಾದ. ಹುಬ್ಬಳ್ಳಿ ಅಣ್ಣ, ಸದ್ಯಕ್ಕೆ ವಾಪಸ್ ಇಲ್ಲ. ಗಿಡಮೂಲಿಕೆ ಕಲಿಯಲೇಬೇಕಾ ಅಂತ ಯಾರೂ ಬಿಡಿಸಿ ಹೇಳಲಿಲ್ಲ. ಕಾಲೇಜು ಆರಿಸುವುದು ಹೇಗೆ?

ಫ್ರೀಮಾಂಟ್‌ನವರು

ಈ ರಾಜ್ಯದಲ್ಲಿ ಮೂಲಿಕೆ ಬಿಟ್ಟು ಲೈಸೆನ್ಸ್ ಇಲ್ಲ, ಪರೀಕ್ಷೆಯಲ್ಲೂ ಬರುತ್ತದೆ. ಹೆದರಬೇಡಿ. ಮೊದಲು ಕಲಿಸುವ ಗುಯಿ ಝಿ ತಾಂಗ್ ಕಷಾಯದಲ್ಲಿ ಇರುವುದು ದಾಲ್ಚಿನ್ನಿ ಜಾತಿಯ ಎಳೆ ಕಡ್ಡಿ, ಶುಂಠಿ, ಜ್ಯೇಷ್ಠಮಧು, ಒಂದು ಬಗೆಯ ಬೋರೆಹಣ್ಣು. ಹೊಸದು ಅನ್ನಿಸುವುದು ಪಿಯೋನಿ ಬೇರು ಒಂದೇ.

ಆದರೆ ನಮ್ಮ ಸಸ್ಯಾಹಾರಿ ಪೇಷಂಟ್‌ಗಳಿಗೆ ಕೊಡುವಾಗ ಹುಷಾರು. ಅ ಜಿಯಾವೊ ಅಂದರೆ ಕತ್ತೆ ಚರ್ಮದ ಅಂಟು. ದಿ ಲಾಂಗ್ ಅಂದರೆ ಎರೆಹುಳ. ಮು ಲಿ ಅಂದರೆ ಸಿಂಪಿ ಚಿಪ್ಪು. ಪುಡಿ ಮಾಡಿ ಡಬ್ಬಿಗೆ ಹಾಕಿದರೆ ಯಾವುದೂ ಗೊತ್ತಾಗುವುದಿಲ್ಲ. ಹೇಳಿ, ಒಪ್ಪಿದರೆ ಕೊಡಿ, ಇಲ್ಲವಾದರೆ ಬದಲಿ ಹುಡುಕಿ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರಿಗೆ ದಾಂಗ್ ಗುಯಿ ಅನ್ನುವ ಬೇರು ಬೇಡ. ಬಿಪಿ ಇರುವವರಿಗೆ ಜ್ಯೇಷ್ಠಮಧು ಜಾಸ್ತಿ ಆಗಬಾರದು. ಮಾ ಹುವಾಂಗ್‌ನಲ್ಲಿರುವ ಎಫೆಡ್ರಿನ್ ಅಂಶವನ್ನು ಪೂರಕ ಆಹಾರದಲ್ಲಿ ಮಾರುವುದನ್ನು ಇಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ ನಿಷೇಧಿಸಿತು. ಹಾಗಾಗಿ ಪುಸ್ತಕದಲ್ಲಿ ಓದಿದ್ದೆಲ್ಲ ಕಪಾಟಿನಲ್ಲಿ ಸಿಗುವುದಿಲ್ಲ.

ಕಾಲೇಜು ಆರಿಸಲು ಬ್ರೋಷರ್ ನೋಡಬೇಡಿ. ರಾಜ್ಯದ ಅಕ್ಯುಪಂಕ್ಚರ್ ಬೋರ್ಡ್ ಯಾವ ಕಾಲೇಜಿನಿಂದ ಎಷ್ಟು ಜನ ಪಾಸಾದರು ಅಂತ ಪ್ರಕಟಿಸುತ್ತದೆ, ಅದು ನೋಡಿ. ಆಮೇಲೆ ಅವರ ವಿದ್ಯಾರ್ಥಿ ಕ್ಲಿನಿಕ್‌ಗೆ ಪೇಷಂಟ್ ಆಗಿ ಹೋಗಿ. ಫೀಸು ಕಡಿಮೆ ಇರುತ್ತದೆ. ಕೊನೇ ವರ್ಷದವರು ಸೂಜಿ ಹಾಕುವಾಗ ಮೆಲ್ಲಗೆ ಕೇಳಿ, ನಿಮ್ಮ ಸೀನಿಯರ್‌ಗಳು ಈಗ ಏನು ಮಾಡುತ್ತಿದ್ದಾರೆ ಅಂತ.

ಇಎಡಿ ಅವಧಿ ಎಷ್ಟು ಅಂತ ನೀವು ಹೇಳಲಿಲ್ಲ. ಓದಲು ಎಚ್4 ಸಾಕು, ಸಂಪಾದಿಸಲು ಇಎಡಿ ಬೇಕು. ಕೋರ್ಸ್ ಮುಗಿಯುವ ಹೊತ್ತಿಗೆ ಅದು ಕೈಯಲ್ಲಿರುತ್ತಾ ಅಂತ ವಕೀಲರನ್ನು ಈಗಲೇ ಕೇಳಿ.